ಸುಂಕದವನ ಮುಂದೆ

ಬ್ರಾಗಾ ಪಟ್ಟಣದಲ್ಲಿ ನನ್ನ ಕೆಲಸ ಕೇಳುವುದು.
ಹೊಸ್ತಿಲಿಗೆ ಕಾಲಿಡುವ ಮೊದಲೇ
ಕಿವಿ ಒಳಗೆ ಹೋಗಿ ಕೂತಿರುತ್ತದೆ.
ಬ್ರೆಡ್ಡಿನಂಗಡಿ, ಬೀಗದ ಕೈ ಕೊರೆಯುವವನ ಗೂಡು,
ಉಪ್ಪುಮೀನು ತೂಗುಬಿದ್ದ ಕತ್ತಲೆ ಮಳಿಗೆ,
ಎಲ್ಲಿ ಹಾಡೋ ಅಲ್ಲಿ ನಾನು,
ಕಂಕುಳಲ್ಲಿ ಕಡತ, ಜೇಬಿನಲ್ಲಿ ಅಳತೆಯ ಟೇಪು.

ಗಾಳಿಗೂ ಸುಂಕವೇ ಎಂದು ನಗುತ್ತಾರೆ ಕೆಲವರು.
ಕೆಲವರು ನನ್ನ ಕಂಡದ್ದೇ
ರೇಡಿಯೋದ ಕಿವಿ ಹಿಂಡುತ್ತಾರೆ.
ಮೀನಿನವ ಒಮ್ಮೆ ಹಾಗೆ ಹಿಂಡಿ,
ನಿಂತ ಸಾಲಿನಿಂದಲೇ ಎತ್ತಿಕೊಂಡು
ಮಿಕ್ಕ ಹಾಡನ್ನು ಸಿಳ್ಳೆಯಲ್ಲಿ ಮುಗಿಸಿದ.
ನನ್ನ ನಮೂನೆಯಲ್ಲಿ ಸಿಳ್ಳೆಗೆ ಕಾಲಂ ಇಲ್ಲ.

ಎರ್ಮೆಲಿಂಡಾಳ ಕ್ಷೌರದಂಗಡಿ
ಎರಡು ಕಂಬಳಿ ಹಾಸಿದರೆ ಮುಗಿಯಿತು.
ಹದಿನಾಲ್ಕು ಚದರ ಮೀಟರು. ಬರೆದುಕೊಂಡೆ.
ಕುರ್ಚಿ ಎರಡು, ಒಂದರ ಸ್ಪ್ರಿಂಗು ಹೋಗಿದೆ
(ಅದನ್ನೂ ಎಣಿಸಬೇಕು).
ಸ್ಪೀಕರು ಒಂದು, ಶಾಂಪೂ ಸೀಸೆಗಳ ಹಿಂದೆ,
ಒಡೆದ ಬಾಯಿಗೆ ಟೇಪು ಸುತ್ತಿಸಿಕೊಂಡು
ಯಾರದೋ ಪ್ರೀತಿಯನ್ನು ಕೆಮ್ಮುತ್ತಿತ್ತು.

ವರ್ಷಕ್ಕೆ ಇಷ್ಟು, ಎಂದೆ.
ಅವಳ ಲೆಕ್ಕವೆಲ್ಲ ತಲೆಗಳಲ್ಲಿ:
ಒಂಬತ್ತು ತಲೆಗೆ ಬಣ್ಣ,
ಇಲ್ಲವೆ ಇಪ್ಪತ್ತು ತಲೆಗೆ ಬರೀ ಕತ್ತರಿ.
"ಇದನ್ನು ಯಾರೂ ಕೇಳುವುದೇ ಇಲ್ಲ, ಸೆನ್ಯೋರ್."
"ಕೇಳದಿದ್ದರೂ ನುಡಿಸಿದಂತೆಯೇ."
ತರಬೇತಿಯಲ್ಲಿ ಕಲಿಸಿದ ಉತ್ತರ ಅದು.
ಅವಳು ಗುಂಡಿ ಒತ್ತಿ ಆರಿಸಿದಳು.

ಆಗ ಬಿತ್ತು ನೋಡಿ ಮೌನ.
ತೊಟ್ಟಿಯಲ್ಲಿ ನೀರಿನ ಹನಿ, ಕತ್ತರಿಯ ಹಲ್ಲು,
ಬಣ್ಣ ಹಚ್ಚಿಸಿಕೊಂಡು ಕೂತವಳ ಅರ್ಧ ಮಾತು,
"...ಆಸ್ಪತ್ರೆಯ ಕಾಗದ ಅವನಿಗಿನ್ನೂ ತೋರಿಸಿಲ್ಲ",
ಬಚ್ಚಲ ಬಾಗಿಲು ಗಾಳಿಗೆ ತೆರೆದುಕೊಂಡ ಹಾಗೆ
ಎಲ್ಲರೆದುರು ನಿಂತುಬಿಟ್ಟಿತು.

ನಾನು ಕಡತ ನೋಡಿದೆ.
ಸರದಿಗೆ ಕಾದಿದ್ದ ಮುದುಕಿ ತನ್ನ ಉಗುರು ನೋಡಿದಳು.
ಎರ್ಮೆಲಿಂಡಾ ಬಾಚಣಿಗೆ ಹಿಡಿದ ಕೈಯಲ್ಲೇ
ಮತ್ತೆ ಗುಂಡಿ ಒತ್ತಿದಳು. ದನಿ ಏರಿಸಿದಳು.
"ತಿಳಿಯಿತೆ?" ಎಂದಳು, ಕನ್ನಡಿಯೊಳಗಿದ್ದ ನನಗೆ,
"ಇದು ಹಾಡಲ್ಲ, ಪರದೆ.
ಪರದೆಗೆಷ್ಟು, ಹೇಳಿ."

ಹೇಳಬಹುದಿತ್ತು ನಾನು:
ವಿಯಾನಾದಲ್ಲಿ ದೆಲ್ಫಿನಾ ಎಂಬಾಕೆ ಇದ್ದಾಳೆ,
ಮೂರನೇ ಮಹಡಿ, ಲಿಫ್ಟಿಲ್ಲ,
ಅಕಾರ್ಡಿಯನ್ನಿನವನ ವಿಧವೆ.
ಅವನು ಎಪ್ಪತ್ತೊಂದರಲ್ಲಿ ಕಟ್ಟಿದ ಒಂದೇ ಒಂದು ಹಾಡು
ಇಂಥ ಒಡಕು ಬಾಯಿಗಳಲ್ಲಿ ಇನ್ನೂ ಉಸಿರಾಡುತ್ತಿದೆ.
ಹೋದ ವರ್ಷ ಆಕೆಯ ಪಾಲಿಗೆ ಬಂದದ್ದು
ಹನ್ನೊಂದು ಯೂರೋ, ನಲವತ್ತು ಸೆಂಟು.
ಆಕೆ ಆ ಚೆಕ್ಕನ್ನು ಎದೆಗೊತ್ತಿ ಇಟ್ಟುಕೊಳ್ಳುತ್ತಾಳೆ—
ಇಲ್ಲ, ಬ್ಯಾಂಕಿಗೆ ಹಾಕುತ್ತಾಳೆ,
ಆ ದುಡ್ಡಿಗೆ ಎಣ್ಣೆ, ಬೆಂಕಿಪೊಟ್ಟಣ ತರುತ್ತಾಳೆ.
ಆದರೆ ಅದಕ್ಕೆ ಮೊದಲು ದೀಪದ ಕೆಳಗೆ ಹಿಡಿದು
ಎಲ್ಲೆಲ್ಲಿ ನುಡಿಯಿತೆಂದು ಹುಡುಕುತ್ತಾಳೆ.
ಅದರಲ್ಲಿ ಊರುಗಳ ಹೆಸರಿರುವುದಿಲ್ಲ.

ಹೇಳಲಿಲ್ಲ.
ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲವಂತೆ,
ಸರಿ.
ಸುಂಕದವನು ತನ್ನದನ್ನು ಎಲ್ಲಿ ಇಳಿಸಬೇಕು?

ಹದಿನಾಲ್ಕನ್ನು ಹನ್ನೆರಡು ಮಾಡಿದೆನೆ? ಮಾಡಲಿಲ್ಲ.
ಅಳತೆ ಅಳತೆಯೇ. ಮೂರು ಕಂತು ಎಂದು ಬರೆದೆ,
ಅವಳು ಬಣ್ಣದ ಬೆರಳಲ್ಲೇ ಸಹಿ ಹಾಕಿದಳು,
ಹಾಳೆಯ ಅಂಚಿಗೆ ಕಂದು ಮೆತ್ತಿತು.
"ಗಂಡಸರಿಗೂ ಕತ್ತರಿಸುತ್ತೀರಾ?"
"ತಲೆಯಿದ್ದರೆ."

ಸ್ಪ್ರಿಂಗು ಹೋದ ಕುರ್ಚಿಯಲ್ಲಿ ಕೂತೆ.
ಹೊರಗೆ ಗಾಡಿಯವ ಚೆಸ್ಟ್‌ನಟ್ ಸುಡುತ್ತಿದ್ದ,
ಹೊಗೆ ಕನ್ನಡಿಯ ತನಕ ಬಂದಿತ್ತು.
ಕತ್ತಿನ ಹಿಂದೆ ತಣ್ಣನೆ ಕತ್ತರಿ.
ಅವಳು ಏನೂ ಕೇಳಲಿಲ್ಲ.
ಸ್ಪೀಕರು ಕೆಮ್ಮುತ್ತಲೇ ಇತ್ತು.
ಎಷ್ಟು ಹೊತ್ತಿಗೋ ಬಾಯಿ ತೆರೆದೆ.

ಪಕ್ಕದ ಕುರ್ಚಿಗೆ
ಒಂದಕ್ಷರವೂ ಕೇಳಿಸಿರಲಾರದು.